ದಾಯಾದಿ, ವಾರಸುದಾರ, ಗೋತ್ರಜ: ಯಾವ ಪದ ಯಾರಿಗೆ?

ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯ ಮಾತು ಬಂದಾಗ ‘ದಾಯಾದಿ’, ‘ವಾರಸುದಾರ’ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ಬರವಣಿಗೆಯಲ್ಲಿ ಆಗಾಗ ಕಾಣುತ್ತದೆ. ಇದು ಸರಿಯೇ ಎಂಬುದು ನನ್ನ ಮೊದಲ ಪ್ರಶ್ನೆ. ಸರಿಯಲ್ಲವೆಂದು ನನಗೆ ತೋರುತ್ತದೆ. ಕಾರಣಗಳನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ವ್ಯುತ್ಪತ್ತಿಯನ್ನಷ್ಟೇ ನೋಡಿದರೆ ಎರಡಕ್ಕೂ ಭೇದವಿಲ್ಲ. ಸಂಸ್ಕೃತದ ‘ದಾಯಾದ’ನೆಂದರೆ ದಾಯವನ್ನು ತೆಗೆದುಕೊಳ್ಳುವವನು, ಅಲ್ಲಿ ಮಗನೂ ದಾಯಾದನೇ. ಒಡೆಯನೊಡನೆ ಇರುವ ಸಂಬಂಧವೊಂದರಿಂದಲೇ ಮತ್ತೊಬ್ಬನ ಸ್ವತ್ತಾಗುವ ಧನವೇ ದಾಯ ಎಂಬುದು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನವಾದ ಮಿತಾಕ್ಷರದಲ್ಲಿ ವಿಜ್ಞಾನೇಶ್ವರನು ಕೊಡುವ ವಿವರಣೆ. ‘ವಾರಸು’ ಅರಬ್ಬಿ ಮೂಲದ್ದು, ‘ದಾರ’ ಪಾರಸಿಯದು.

ಆದರೆ ಕನ್ನಡದಲ್ಲಿ ತನ್ನ ಮಗನನ್ನು ದಾಯಾದಿ ಎನ್ನುವವರಿಲ್ಲ. ದೊಡ್ಡಪ್ಪ, ಚಿಕ್ಕಪ್ಪಂದಿರು, ಅವರ ಮಕ್ಕಳು, ಇನ್ನೂ ಹಿಂದಿನ ತಲೆಮಾರಿನಲ್ಲಿ ಕವಲೊಡೆದವರು ದಾಯಾದಿಗಳು. ಕೆಲವು ಮನೆಗಳಲ್ಲಿ ಹತ್ತು ದಿನದವರು, ಮೂರು ದಿನದವರು ಎಂದು ಸೂತಕದ ಲೆಕ್ಕದಲ್ಲಿ ಅವರನ್ನು ವಿಂಗಡಿಸುವುದೂ ಉಂಟು. ‘ದಾಯಾದಿ ಮತ್ಸರ’ ಎಂಬ ನುಡಿಗಟ್ಟಿನಲ್ಲಂತೂ ಪಾಲು ಪಡೆಯುವವನಿಗಿಂತ ಪಾಲಿಗೆ ಪೈಪೋಟಿ ನಡೆಸುವವನೇ ಎದ್ದು ಕಾಣುತ್ತಾನೆ.

ಈ ಅರ್ಥಕ್ಕೂ ಇಂದಿನ ಕಾನೂನಿಗೂ ಹೊಂದಿಕೆಯಿಲ್ಲ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಗಂಡಸೊಬ್ಬನು ಉಯಿಲಿಲ್ಲದೆ ಸತ್ತರೆ, ಅವನ ಆಸ್ತಿ ಮೊದಲು ಸೇರುವುದು ಮಗ, ಮಗಳು, ಹೆಂಡತಿ, ತಾಯಿ ಮೊದಲಾದ ಒಂದನೇ ವರ್ಗದವರಿಗೆ. ತಂದೆ, ಒಡಹುಟ್ಟಿದವರು, ಅವರ ಮಕ್ಕಳು ಎರಡನೇ ವರ್ಗದಲ್ಲಿದ್ದಾರೆ. ಅಪ್ಪನ ಅಣ್ಣತಮ್ಮಂದಿರು ಅಪ್ಪನ ಅಕ್ಕತಂಗಿಯರೊಡನೆ ಅದೇ ವರ್ಗದ ಏಳನೇ ನಮೂದಿನಲ್ಲಿ ಬರುತ್ತಾರೆ. ನಾವು ಬಾಯ್ತುಂಬ ದಾಯಾದಿ ಎಂದು ಕರೆಯುವ ಚಿಕ್ಕಪ್ಪನ ಮಗನ ಹೆಸರು ಈ ಎರಡೂ ವರ್ಗಗಳಲ್ಲಿ ಇಲ್ಲ; ಅಲ್ಲಿ ಯಾರೂ ಉಳಿದಿರದಿದ್ದರೆ ಮಾತ್ರ ಅವನ ಸರದಿ. ಅವಿಭಕ್ತ ಕುಟುಂಬದ ಸದಸ್ಯನು ತೀರಿಕೊಂಡಾಗ ಅವನ ಹಕ್ಕು ಉಳಿದ ಗಂಡುಸದಸ್ಯರಿಗೆ ತಾನಾಗಿ ಸೇರುತ್ತಿದ್ದ ಕಾಲದಲ್ಲಿ ಚಿಕ್ಕಪ್ಪನ ಮಗನನ್ನು ಹಾಗೆ ಕರೆದುದಕ್ಕೆ ಆಧಾರವಿತ್ತು. 2005ರ ತಿದ್ದುಪಡಿ ಆ ಬಗೆಯ ಉಳಿಕೆಯ ಹಕ್ಕನ್ನು ತೆಗೆದುಹಾಕಿ, ಮಗಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಿತು (ಕರ್ನಾಟಕವು 1994ರಲ್ಲಿಯೇ ಈ ದಿಕ್ಕಿನಲ್ಲಿ ತಿದ್ದುಪಡಿ ಮಾಡಿತ್ತಾದರೂ, ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು). ಕಾನೂನು ಮುಂದೆ ಸಾಗಿದರೂ ಪದವು ಹಿಂದೆಯೇ ನಿಂತಿದೆ.

ಎರಡನೆಯ ಪ್ರಶ್ನೆ ಹೆಚ್ಚು ತೊಡಕಿನದು. ಎರಡೂ ವರ್ಗಗಳ ನಂತರ ಬರುವ, ಗಂಡಸರ ಮೂಲಕವೇ ಪೂರ್ತಿಯಾಗಿ ಸಂಬಂಧ ಹೊಂದಿದವರನ್ನು ‘ಗೋತ್ರಜರು’ ಎಂದು ಬರೆಯುವ ರೂಢಿಯಿದೆ. ಚಿಕ್ಕಪ್ಪನ ಮಗಳನ್ನೇ ತೆಗೆದುಕೊಳ್ಳೋಣ. ನಡುವೆ ಬರುವವರೆಲ್ಲ ಗಂಡಸರಾದ್ದರಿಂದ ಕಾನೂನಿನ ಲೆಕ್ಕದಲ್ಲಿ ಆಕೆ ಈ ಗುಂಪಿಗೆ ಸೇರಿದವಳು. ಮದುವೆಯಿಂದ ಅದು ಬದಲಾಗದು. ಸಂಪ್ರದಾಯವಾದರೋ, ಮದುವೆಯಾದ ಹೆಣ್ಣು ಗಂಡನ ಗೋತ್ರಕ್ಕೆ ಸೇರಿದಳು ಎನ್ನುತ್ತದೆ. ಹೀಗಿರುವಾಗ ‘ಗೋತ್ರಜ’ ಎಂದು ಓದಿದವರು ಆಕೆಯನ್ನು ಪಟ್ಟಿಯಿಂದ ಬಿಟ್ಟುಬಿಡುವ ಸಂಭವವಿದೆ. ‘ದಾಯಾದಿ’ ಎಂದು ಬರೆದರಂತೂ ಬಿಟ್ಟೇಬಿಡುತ್ತಾರೆ. ಗೋತ್ರದ ಎಣಿಕೆಯೇ ಇಲ್ಲದ ಕುಟುಂಬಗಳಿಗೂ ಈ ಅಧಿನಿಯಮ ಅನ್ವಯಿಸುವುದರಿಂದ ಆ ಪದ ಅಲ್ಲಿ ಇನ್ನಷ್ಟು ಅಸಂಗತ. ‘ಪಿತೃಬಂಧು’ ಎನ್ನೋಣವೆಂದರೆ, ಸೋದರತ್ತೆಯ ಮಕ್ಕಳೂ ಅದರೊಳಗೆ ಬಂದುಬಿಡುತ್ತಾರೆ. ಕಾನೂನು ಅವರನ್ನು ಬೇರೆಯಾಗಿ, ಇನ್ನೂ ಹಿಂದಿನ ಸಾಲಿನಲ್ಲಿ ಇಟ್ಟಿದೆ.

‘ಗಂಡುಮೂಲದ ಬಂಧು’ ಎಂದರೆ ಗೊಂದಲ ಕಡಿಮೆಯಾದೀತೇ? ಹಳೆಯ ಶಾಸನಗಳಲ್ಲಾಗಲಿ ಕಾವ್ಯಗಳಲ್ಲಾಗಲಿ ‘ದಾಯಾದ’ ಅಥವಾ ‘ದಾಯಾದಿ’ಯನ್ನು ಮಗಳಿಗೋ ಸೋದರಿಗೋ ಅನ್ವಯಿಸಿದ ಪ್ರಯೋಗಗಳಿದ್ದರೆ, ಸಂದರ್ಭದೊಡನೆ ತಿಳಿಸಬೇಕೆಂದು ಕೋರುತ್ತೇನೆ.