ಕೇರಳ ಪ್ಯಾಕೇಜ್: ಎರಡು ಕೋಟೇಶನ್, 33 ಸಾವಿರ ಫರಕು, ಯಾರನ್ನ ನಂಬೋದು?

ಡೊಂಬಿವಲಿ_ಕನ್ನಡತಿ
ಎಲ್ರಿಗೂ ನಮಸ್ಕಾರ. ಫೆಬ್ರವರಿ ಕೊನೆ ವಾರ ಅತ್ತೆ ಮಾವನ್ನೂ ಕರ್ಕೊಂಡು ಕೇರಳಕ್ಕೆ ಹೋಗೋಣ ಅಂತಿದೀವಿ, ನಾಲ್ಕು ಜನ ದೊಡ್ಡೋರು, ಎರಡು ಮಕ್ಕಳು. ಥಾಣೆಯ ಏಜೆಂಟ್ ಒಬ್ರು 95,000 ಹೇಳಿದಾರೆ, ಇನ್ನೊಂದು ದೊಡ್ಡ ಆಫೀಸ್ ಇರೋ ಕಂಪನಿ 1,28,000, ಎರಡೂ ಫ್ಲೈಟ್ ಬಿಟ್ಟು. ಪ್ಲಾನ್ ಮಾತ್ರ ಒಂದೇ: ಕೊಚ್ಚಿಯಲ್ಲಿ ಇಳಿದು ಮುನ್ನಾರ್ ಎರಡು ರಾತ್ರಿ, ತೇಕ್ಕಡಿ ಒಂದು, ಆಲಪ್ಪುಳ ಹೌಸ್‌ಬೋಟ್ ಒಂದು, ಕೋವಳಂ ಒಂದು, ತಿರುವನಂತಪುರದಿಂದ ವಾಪಸ್. ಹೋಟೆಲ್ "ತ್ರೀ ಸ್ಟಾರ್ ಅಥವಾ ಅದೇ ತರದ್ದು" ಅಂತೆ. ಥಾಣೆಯವ್ರು ದಿನಕ್ಕೆರಡು ಸಲ ಫೋನ್ ಮಾಡಿ ಇವತ್ತು ರಾತ್ರಿವರೆಗೆ ಮಾತ್ರ ಈ ರೇಟ್ ಮೇಡಂ, ಅರ್ಧ ಅಡ್ವಾನ್ಸ್ ಜಿಪೇ ಮಾಡಿ ಅಂತಿದಾರೆ. ಮಾವನಿಗೆ ಮಂಡಿನೋವು ಬೇರೆ. ಕಮ್ಮಿದು ತಗೊಂಡ್ರೆ ಮೋಸ ಹೋಗ್ತೀವಾ, ಜಾಸ್ತಿದು ತಗೊಂಡ್ರೆ ಸುಮ್ನೆ ದುಡ್ಡು ಸುರಿದ ಹಾಗಾ?

ಪುಣೆ_ಪೇಡಾ
ಅಕ್ಕಾರ, ರೇಟ್ ಆಮ್ಯಾಲ ನೋಡೋಣ, ಮೊದ್ಲ ಆ ಪ್ಲಾನ್ ನೋಡ್ರಿ. ಐದು ರಾತ್ರ್ಯಾಗ ನಾಕು ಊರು! ಕೊಚ್ಚಿಯಿಂದ ಮುನ್ನಾರ್ 130 ಕಿಲೋಮೀಟರ್ ಅಷ್ಟ ಅಂತ ಅನಸ್ತೈತಿ, ಘಾಟ್ ದಾರಿ, ನಾಕ್ ತಾಸಿನ ಮ್ಯಾಲ ಹಿಡಿತೈತಿ, ಅಲ್ಲಿಂದ ತೇಕ್ಕಡಿಗೆ ಮತ್ತ ತಿರುವು ದಾರಿ, ಅಲ್ಲಿಂದ ಆಲಪ್ಪುಳ ಮತ್ತ 140ರ ಹತ್ರ. ಮಂಡಿನೋವಿನ ಹಿರ್ಯಾರು ಅದಾರ ಅಂತ ಹೇಳಿದ ಮ್ಯಾಲೂ ಇದನ್ನ ಕೊಟ್ರ ಅವ್ರು ನಿಮ್ಮ ಮಾತ ಕೇಳಿಲ್ಲ ಬಿಡ್ರಿ.

ಇನ್ನೊಂದು, ಮುನ್ನಾರ್‌ದಾಗ ಎರವಿಕುಲಂ ನ್ಯಾಷನಲ್ ಪಾರ್ಕ್ ಅಂತ ಬರದಾರೇನು ನೋಡ್ರಿ. ನೀಲಗಿರಿ ತಾರ್ ಅಂತಾರಲ್ಲ, ಆ ಕಾಡಮೇಕೆ ಮರಿ ಹಾಕೋ ಸಮಯ ಅಂತ ಪ್ರತಿ ವರ್ಷ ಫೆಬ್ರವರಿ-ಮಾರ್ಚ್ ಸುಮಾರಿಗೆ ಪಾರ್ಕ್ ಬಂದ್ ಇಡ್ತಾರ. ಪ್ಲಾನ್‌ದಾಗ ಆ ಪಾರ್ಕ್ ಐತಿ ಅಂದ್ರ ಡಿಸೆಂಬರ್ ಪ್ಲಾನ್‌ಗೆ ಬರೀ ತಾರೀಖ್ ಬದಲಿ ಮಾಡಿ ಕಳಿಸ್ಯಾರ ಅಂತ ತಿಳೀರಿ.

ಕಲಂಗೂಟ್_ರಿಸೆಪ್ಷನ್
ನಾನು ಗೋವಾದಲ್ಲಿ ಹೋಟೆಲ್ ರಿಸೆಪ್ಷನಲ್ಲಿ ಇರುವವ, ಕೌಂಟರಿನ ಈಚೆಯಿಂದ ಹೇಳ್ತೇನೆ. "ಅಥವಾ ಅದೇ ತರದ್ದು" ಅಂತ ಉಂಟಲ್ಲ, ಆಟ ಎಲ್ಲ ಅಲ್ಲೇ ಇರುವುದು ಮಾರಾಯ್ರೆ. ಹೋಟೆಲಿನ ಹೆಸ್ರು, ರೂಮ್ ಕ್ಯಾಟಗರಿ, ಊಟದ ಪ್ಲಾನ್ ಮೂರನ್ನೂ ಬರೆದು ಕೊಡ್ಲಿಕ್ಕೆ ಹೇಳಿ. ಸಿಪಿ ಅಂದ್ರೆ ಬೆಳಗ್ಗಿನ ತಿಂಡಿ ಮಾತ್ರ, ಎಂಎಪಿ ಅಂದ್ರೆ ತಿಂಡಿ ಮತ್ತೆ ಒಂದು ಊಟ, ಹೆಚ್ಚಾಗಿ ರಾತ್ರಿದು, ಎಪಿ ಅಂದ್ರೆ ಮೂರು ಹೊತ್ತೂ. ಆರು ಜನರ ರಾತ್ರಿಯೂಟ ಹೋಟೆಲಲ್ಲಿ ಎಷ್ಟಾಗ್ತದೆ ಲೆಕ್ಕ ಹಾಕಿ, ನಿಮ್ಮ 33 ಸಾವಿರದ ದೊಡ್ಡ ಪಾಲು ಅಲ್ಲೇ ಸಿಕ್ಕಿದ್ರೂ ಸಿಕ್ಕೀತು. ಎಕ್ಸ್‌ಟ್ರಾ ಬೆಡ್ ಅಂತ ಇದ್ರೆ ಮಂಚವಾ ನೆಲಕ್ಕೆ ಹಾಸುವ ಗಾದಿಯಾ ಕೇಳಿ.

ಹೌಸ್‌ಬೋಟಲ್ಲಿ ಡಿಲಕ್ಸ್ ಅಂದ್ರೆ ಸಾಮಾನ್ಯವಾಗಿ ಎಸಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ, ಅದೂ ಬೆಡ್‌ರೂಮಲ್ಲಿ ಮಾತ್ರ, ಫೆಬ್ರವರಿ ಕೊನೆಗೆ ಅಲ್ಲಿ ಮಧ್ಯಾಹ್ನದ ಸೆಕೆ ಹೇಳುವುದೇ ಬೇಡ. ಬೋಟನ್ನು ಸಂಜೆ ಐದೂವರೆ ಹೊತ್ತಿಗೆ ದಡಕ್ಕೆ ಕಟ್ಟಿ ಹಾಕ್ತಾರೆ, ಆಮೇಲೆ ಮೀನುಗಾರರು ಬಲೆ ಬಿಡುವ ಹೊತ್ತು, ಇಡೀ ರಾತ್ರಿ ಕ್ರೂಸ್ ಅಂತ ಯಾರಾದ್ರೂ ಹೇಳಿದ್ರೆ ನಕ್ಕುಬಿಡಿ.

ಮತ್ತೆ ವೋಚರ್ ಬಂತು ಅಂತ ಸುಮ್ನೆ ಕೂರ್ಬೇಡಿ, ಹೋಟೆಲಿನ ಸ್ವಂತ ವೆಬ್‌ಸೈಟಿಂದ ನಂಬರ್ ತೆಗೆದು ಫೋನ್ ಮಾಡಿ ನಮ್ಮ ಹೆಸ್ರಲ್ಲಿ ಬುಕಿಂಗ್ ಕನ್ಫರ್ಮಾ, ಬರೀ ಹೋಲ್ಡಾ ಅಂತ ಕೇಳಿ. ಬ್ಯಾಗ್ ಹಿಡ್ಕೊಂಡು ನಮ್ಮ ಕೌಂಟರಿಗೆ ಬಂದವರ ಹೆಸ್ರು ಸಿಸ್ಟಮಲ್ಲೇ ಇಲ್ಲದ್ದು ನೋಡಿದ್ದೇನೆ, ಏಜೆಂಟ್ ಅವ್ರಿಂದ ದುಡ್ಡು ತಕೊಂಡಿದ್ದ, ನಮಗೆ ಕಟ್ಟಿರ್ಲಿಲ್ಲ.

ಡೊಂಬಿವಲಿ_ಕನ್ನಡತಿ
ಎರವಿಕುಲಂ ಎರಡರಲ್ಲೂ ಇದೆ!! ಮಂಡಿನೋವು ಇಬ್ರಿಗೂ ಹೇಳಿದ್ದೆ. ಕಂಪನಿಯದ್ದು ಎಂಎಪಿ, ಥಾಣೆಯವ್ರದ್ದು ಸಿಪಿ ಅಂತ ಮೂಲೇಲಿ ಚಿಕ್ಕದಾಗಿ ಬರೆದಿದೆ. ಹಾಗಾದ್ರೆ ನಾವೇ ಬುಕ್ ಮಾಡ್ಕೊಂಡ್ರೆ?

ಪುಣೆ_ಪೇಡಾ
ಮಾಡ್ಕೊಳ್ರಿ, ಅದರಾಗ ಏನೈತಿ. ಹೋಟೆಲ್‌ಗೆ ಸೀದಾ ಫೋನ್ ಹಚ್ಚಿ ವೆಬ್‌ಸೈಟ್ ರೇಟ್‌ಕಿಂತ ಕಮ್ಮಿ ಮಾಡ್ರಿ ಅಂದ್ರ ಭಾಳ ಕಡೆ ಮಾಡ್ತಾರ. ತೇಕ್ಕಡಿ, ಕೋವಳಂ ತಗದು ಮುನ್ನಾರ್ ಎರಡು, ಹೌಸ್‌ಬೋಟ್ ಒಂದು, ಕೊಚ್ಚಿ ಎರಡು ಇಟ್ಕೊಳ್ರಿ, ಆಲಪ್ಪುಳಯಿಂದ ಕೊಚ್ಚಿ 55 ಕಿಲೋಮೀಟರ್ ಅಷ್ಟ.

ಮುಲುಂಡ್_ಲೋಕಲ್
ಪ್ಲಾನ್ ಒಪ್ಪಿದೆ, ಏಜೆಂಟ್ ಬೇಡ ಅನ್ನೋದು ಒಪ್ಪಲ್ಲ. ವಯಸ್ಸಾದೋರು, ಮಕ್ಕಳು ಎಲ್ಲ ಇರೋವಾಗ ಘಾಟಲ್ಲಿ ಗಾಡಿ ಕೆಟ್ಟರೆ ಇನ್ನೊಂದು ಗಾಡಿ ಕಳಿಸೋನು ಯಾರಾದ್ರೂ ಬೇಕು, ಆ ಕೆಲ್ಸಕ್ಕೆ ಅವನು ಲಾಭ ಇಟ್ಕೊಂಡ್ರೆ ಇಟ್ಕೊಳ್ಳಲಿ. ಪೇಡಾ ಅವ್ರ ಪ್ಲಾನನ್ನೇ ಇಬ್ರಿಗೂ ಕಳಿಸಿ, ಇಬ್ರೂ ಎಂಎಪಿ, ಹೋಟೆಲ್ ಹೆಸರು, 5% ಜಿಎಸ್‌ಟಿ, ಡ್ರೈವರ್ ಭತ್ಯೆ, ಟೋಲ್, ಪಾರ್ಕಿಂಗ್ ಎಲ್ಲಾ ಸೇರಿಸಿ ರೇಟ್ ಕೊಡ್ಲಿ, ಆಮೇಲೆ ಎಷ್ಟು ಫರಕು ಉಳಿಯುತ್ತೆ ನೋಡಿ. ಅವರ ಜಿಎಸ್‌ಟಿ ನಂಬರ್ ತಗೊಂಡು ಜಿಎಸ್‌ಟಿ ಪೋರ್ಟಲಲ್ಲಿ ಹಾಕಿದ್ರೆ ಲಾಗಿನ್ ಇಲ್ದೇನೇ ಹೆಸರು ಬರುತ್ತೆ, ಆ ಹೆಸರಿನ ಬ್ಯಾಂಕ್ ಖಾತೆಗೇ ದುಡ್ಡು ಹಾಕಿ, ಯಾರ್ದೋ ಪರ್ಸನಲ್ ನಂಬರಿಗೆ ಜಿಪೇ ಖಂಡಿತ ಬೇಡ. ಕ್ಯಾನ್ಸಲ್ ಮಾಡಿದ್ರೆ ಯಾವ ತಾರೀಖಿಗೆ ಎಷ್ಟು ಹೋಗುತ್ತೆ ಅಂತ ಇಮೇಲಲ್ಲಿ ಬರೆಸ್ಕೊಳ್ಳಿ, ವಾಟ್ಸಾಪ್ ವಾಯ್ಸ್ ನೋಟ್ ನಂಬ್ಕೊಂಡು ಕೂರ್ಬೇಡಿ. ಜಗಳ ಆದ್ರೆ 1915, ಗ್ರಾಹಕ ಸಹಾಯವಾಣಿ. ಫ್ಲೈಟ್ ಇದೆಲ್ಲ ಮುಗಿದ ಮೇಲೆ ತಗೊಳ್ಳಿ, ವಾಪಸ್ ಕೊಚ್ಚಿಯಿಂದಾನೇ ಆಗುತ್ತಲ್ಲ.

ಡೊಂಬಿವಲಿ_ಕನ್ನಡತಿ
ಇಬ್ರಿಗೂ ಕಳ್ಸಿದೆ. ಕಂಪನಿ 1,14,000, ಹೋಟೆಲ್ ಹೆಸರು ಸಮೇತ. ಥಾಣೆಯವ್ರು 1,09,000 ಅಂದ್ರು, ಪಾರ್ಕ್ ಬಂದ್ ಇರುತ್ತಲ್ಲ ಅಂತ ಕೇಳಿದ್ರೆ "ಗೊತ್ತು ಮೇಡಂ, ಗೇಟ್ ಹತ್ರ ಫೋಟೋ ಸ್ಟಾಪ್ ಕೊಡ್ತೀವಿ" ಅಂದ್ರು 😄 ಕಂಪನಿಗೇ ಹೋಗ್ತೀವಿ ಅನ್ಸುತ್ತೆ. ಕೊಚ್ಚಿಯಲ್ಲಿ ಫೋರ್ಟ್ ಕೊಚ್ಚಿ ಕಡೆ ಹಳೇ ಬಂಗಲೆ ತರದ ಹೋಟೆಲ್ ಕೊಟ್ಟಿದಾರೆ, ಮಾವನಿಗೆ ಆಗುತ್ತಾ?

ಕಲಂಗೂಟ್_ರಿಸೆಪ್ಷನ್
ಹಳೇ ಬಂಗಲೆಗಳಲ್ಲಿ ಲಿಫ್ಟ್ ಇಲ್ಲದೆ ಇರುವ ಸಾಧ್ಯತೆ ಜಾಸ್ತಿ, ಮರದ ಮೆಟ್ಲು ಬೇರೆ. ಗ್ರೌಂಡ್ ಫ್ಲೋರ್ ರೂಮ್, ವೆಸ್ಟರ್ನ್ ಟಾಯ್ಲೆಟ್ ಅಂತ ವೋಚರಲ್ಲೇ ಬರೆಸಿ, ಬಾಯಲ್ಲಿ ಹೇಳಿದ್ದು ನಮ್ಮ ಶಿಫ್ಟ್ ಬದಲಾದಾಗ ಮುಂದಿನವನಿಗೆ ತಲುಪುವುದಿಲ್ಲ.