ತೂತು ಕೊರೆಯುವುದಾ, ಹೆರೆಯುವುದಾ? ಲೇತ್‌ನ ‘ಬೋರಿಂಗ್’ಗೆ ಪದ ಬೇಕು

ಗೆಳೆಯರೇ,

ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವ ಯಂತ್ರ, ಅದರ ಕೆಲಸ ಕಲಿಯುವವರಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ತೂತಿನ ಒಳಮೈಯನ್ನು ನುಣ್ಣಗೆ ಮಾಡುವ ‘ಬೋರಿಂಗ್’ ಪಾಠಕ್ಕೆ ಬಂದು ನಿಂತುಬಿಟ್ಟಿದ್ದೇನೆ. ಕೆಲಸ ಗೊತ್ತು, ಪದ ಸಿಗುತ್ತಿಲ್ಲ.

ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: ‘28 ಮಿ.ಮೀ.ಗೆ ಕೊರೆಯಿರಿ, ಆಮೇಲೆ 30ಕ್ಕೆ ಕೊರೆಯಿರಿ.’ ಅದನ್ನು ಓದಿದ ಹುಡುಗ 28ರ ಡ್ರಿಲ್ ಬಿಚ್ಚಿ 30ರ ಡ್ರಿಲ್ ಹಾಕಿದ. ತೂತು ಅಳತೆ ಮೀರಿತು, ಒಳಗೆಲ್ಲ ಸುರುಳಿ ಗೀರು. ಅವನದು ಏನೂ ತಪ್ಪಿಲ್ಲ. ಡ್ರಿಲ್ಲಿಂಗ್, ಬೋರಿಂಗ್ ಎಂಬ ಎರಡು ಬೇರೆ ಕೆಲಸಕ್ಕೆ ನಾನೇ ಒಂದೇ ಪದ ಕೊಟ್ಟಿದ್ದೆ.

ಡ್ರಿಲ್ ಗಟ್ಟಿ ಲೋಹದೊಳಗೆ ದಾರಿ ಮಾಡಿಕೊಂಡು ನುಗ್ಗುತ್ತದೆ. ಮೊದಲೇ ತೂತು ಇದ್ದರೆ ಅದರ ಜಾಡನ್ನೇ ಹಿಡಿಯುತ್ತದೆ. ಜಾಡು ಸೊಟ್ಟಗಿದ್ದರೆ ತಾನೂ ಸೊಟ್ಟಗೇ ಹೋಗುತ್ತದೆ. ಬೋರಿಂಗ್ ಟೂಲ್‌ಗೆ ಇರುವುದು ಒಂದೇ ಮೊನೆ. ಇರುವ ತೂತಿನ ಗೋಡೆಯಿಂದ ತೆಳುವಾದ ಪದರ ತೆಗೆದು, ತುಂಡನ್ನು ಹಿಡಿದು ತಿರುಗಿಸುವ ಚಕ್ ಸುತ್ತುವ ನಡುಗೆರೆಗೆ ತೂತನ್ನು ನೇರ ಮಾಡುತ್ತದೆ.

‘ಕೊರೆ’ ಅಂದಾಗ ನಮ್ಮ ಮನಸ್ಸಿಗೆ ಬರುವುದು ನುಗ್ಗುವ ಕೆಲಸ, ಅಲ್ವಾ? ಬಾವಿ ಕೊರೆಸುತ್ತೇವೆ. ಹುಳು ಮರ ಕೊರೆಯುತ್ತದೆ. ಚಳಿ ಮೂಳೆಯನ್ನು ಕೊರೆಯುತ್ತದೆ. ಬಡಗಿಯ ಬೈರಿಗೆ ಮಾಡುವುದೂ ಇದನ್ನೇ. ಆದ್ದರಿಂದ ಡ್ರಿಲ್ಲಿಂಗ್‌ಗೆ ‘ಕೊರೆ’ಯನ್ನು ಬಿಟ್ಟುಕೊಡೋಣ.

ಬೋರಿಂಗ್‌ಗೆ ನನಗೆ ಹಿಡಿಸಿದ್ದು ‘ಹೆರೆ’. ಪೆನ್ಸಿಲ್ ಹೆರೆಯುತ್ತೇವಲ್ಲ, ಅದೇ. ಇರುವ ವಸ್ತುವಿನ ಮೈಯಿಂದ ತೆಳ್ಳಗೆ ತೆಗೆಯುವ ಭಾವ ಅದರಲ್ಲೇ ಇದೆ. ‘28ಕ್ಕೆ ಕೊರೆದು, 30ಕ್ಕೆ ಹೆರೆಯಿರಿ’ ಅಂದರೆ ಯಾರೂ ಎಡವಲಾರರು. ‘ಕಡೆ’ ಕೂಡ ಇದೆ. ಕಂಬ ಕಡೆಯುವುದು, ಗೊಂಬೆ ಕಡೆಯುವುದು ಅನ್ನುವಾಗ ಅದು ಲೇತ್‌ನದ್ದೇ ಮಾತು. ಬೋರಿಂಗ್ ಅಂದರೆ ಒಳಗಿನಿಂದ ಕಡೆಯುವುದು ತಾನೇ? ಆದರೆ ‘ಒಳಗಡೆತ’ ಎಂದು ಬರೆದರೆ ಕಣ್ಣು ಅದನ್ನು ‘ಒಳಗಡೆ’ ಎಂದೇ ಓದಿಬಿಡುತ್ತದೆ.

ಇದಕ್ಕಿಂತ ಜಾಸ್ತಿ ಕಾಡುತ್ತಿರುವುದು ತೂತಿನೊಳಗೆ ಉಳಿಯುವ ಗುರುತುಗಳ ಹೆಸರು. ಲೇತ್ ನಿಲ್ಲಿಸಿ, ತೂತಿನೊಳಗೆ ಓರೆಯಾಗಿ ಬೆಳಕು ಬಿಟ್ಟು ನೋಡಿ. ಕೆಲವೊಮ್ಮೆ ಒಂದರ ಪಕ್ಕ ಒಂದು, ಸಮಾನ ದೂರದಲ್ಲಿ, ಸಣ್ಣ ಗೆರೆಗಳು ಸುತ್ತಿಕೊಂಡಿರುತ್ತವೆ. ಅವು ಫೀಡ್‌ನ ಗೆರೆಗಳು. ತುಂಡು ಒಮ್ಮೆ ಸುತ್ತುವಷ್ಟರಲ್ಲಿ ಟೂಲ್ ಮುಂದೆ ಸರಿಯುವ ದೂರವೇ ಫೀಡ್. ಟೂಲ್ ಮೊನೆಯ ದುಂಡು (ತ್ರಿಜ್ಯ) 0.4 ಮಿ.ಮೀ. ಇದ್ದು, ಒಂದೊಂದು ಸುತ್ತಿಗೂ 0.2 ಮಿ.ಮೀ. ಫೀಡ್ ಕೊಟ್ಟರೆ ಲೆಕ್ಕದ ಪ್ರಕಾರ ಗೆರೆಯ ಆಳ 12.5 ಮೈಕ್ರಾನ್. ಫೀಡ್ ಅರ್ಧ ಮಾಡಿದರೆ ಆಳ ಕಾಲು ಭಾಗಕ್ಕೆ, ಸುಮಾರು 3 ಮೈಕ್ರಾನ್‌ಗೆ ಇಳಿಯುತ್ತದೆ.

ಇನ್ನು ಕೆಲವೊಮ್ಮೆ ಕಾಣುವುದೇ ಬೇರೆ. ಗೋಡೆಯ ಮೇಲೆ ಓರೆಯಾದ ಅಲೆ ಅಲೆ. ಉಗುರು ಎಳೆದರೆ ಟಕಟಕ ಅನ್ನುತ್ತದೆ. ಕೆಲಸ ನಡೆಯುವಾಗಲೇ ಕಿವಿಗೆ ಕಿರಲು ಸದ್ದು ಬಿದ್ದಿರುತ್ತದೆ. ಇದು ಬೋರಿಂಗ್ ಬಾರ್ (ಮೊನೆಯನ್ನು ಹಿಡಿದಿರುವ ಸರಳು) ಅದುರಿದ ಗುರುತು, ವರ್ಕ್‌ಶಾಪ್ ಮಾತಿನಲ್ಲಿ ‘ಚಾಟರ್’. ಇದಕ್ಕೆ ಫೀಡ್ ಇಳಿಸಿದರೆ ಎಷ್ಟೋ ಸಲ ಇನ್ನೂ ಕೆಡುತ್ತದೆ. ಮೊನೆ ಲೋಹವನ್ನು ಕಚ್ಚದೆ ಸುಮ್ನೆ ಉಜ್ಜತೊಡಗುತ್ತದೆ. ಬಾರ್ ಹೊರಚಾಚಿದ ಉದ್ದವನ್ನು ಕಡಿಮೆ ಮಾಡಬೇಕು. ಉದ್ದ ಎರಡರಷ್ಟಾದರೆ ಬಾಗುವುದು ಎಂಟರಷ್ಟು. ಉಕ್ಕಿನ ಬಾರ್ ಆದರೆ ಅದರ ದಪ್ಪದ ನಾಲ್ಕರಷ್ಟು ಉದ್ದದೊಳಗೆ ಇರಲಿ. ಸ್ಪೀಡ್ ಇಳಿಸಿ ನೋಡಬೇಕು, ಮೊನೆಯ ದುಂಡು ಚಿಕ್ಕದಿರುವ ಟೂಲ್ ಹಾಕಬೇಕು. ಫೀಡ್‌ನ ಗೆರೆಗೆ ಮದ್ದು ದೊಡ್ಡ ದುಂಡು, ಅದುರುವುದಕ್ಕೆ ಚಿಕ್ಕ ದುಂಡು! ಎರಡನ್ನೂ ‘ಗೀರು’ ಅಂತ ಬರೆದರೆ ಕಲಿಯುವವನು ತಪ್ಪು ಮದ್ದು ಹಾಕುತ್ತಾನೆ. ಅದಕ್ಕೆ ಮೊದಲನೆಯದನ್ನು ‘ಗೆರೆ’, ಎರಡನೆಯದನ್ನು ‘ಅದುರುನಿರಿಗೆ’ ಎನ್ನೋಣ ಅಂದುಕೊಂಡಿದ್ದೇನೆ. ನಿಘಂಟಿನ ‘ಕಂಪನ’ ಬೇಡ ಅನ್ನಿಸಿತು. ಮೋಟಾರಿಗೂ ಕಂಪನ ಇರುತ್ತದೆ.

‘ಫಿನಿಶ್’ಗೆ ‘ನುಣುಪು’ ಸಾಕು. ‘ಹೊಳಪು’ ಮಾತ್ರ ಬೇಡವೇ ಬೇಡ. ಎಮರಿ ಕಾಗದ ತಿಕ್ಕಿದರೆ ನಿರಿಗೆ ಬಿದ್ದ ತೂತೂ ಥಳಥಳ ಹೊಳೆಯುತ್ತದೆ, ಆದರೆ ಉಗುರಿಗೆ ಅಲೆ ಸಿಕ್ಕೇ ಸಿಗುತ್ತದೆ.

ಕೊನೆಯದು ‘ಸ್ಪ್ರಿಂಗ್ ಪಾಸ್’. ಕೊನೆಯ ಅಳತೆಗೆ ಬಂದ ಮೇಲೆ, ಟೂಲ್‌ನ ಆಳ ಬದಲಿಸದೆ ಅದೇ ದಾರಿಯಲ್ಲಿ ಇನ್ನೊಂದು ಸಲ ಓಡಿಸುತ್ತೇವಲ್ಲ, ಅದು. ಇದನ್ನು ‘ಖಾಲಿ ಪಾಸ್’ ಅನ್ನುವುದನ್ನು ಕೇಳಿದ್ದೇನೆ. ಆದರೆ ಅದು ಖಾಲಿ ಹೋಗುವುದಿಲ್ಲ. ಮೊದಲ ಸಲ ಬಾಗಿದ್ದ ಬಾರ್ ಈಗ ನೆಟ್ಟಗಾಗಿ, ಬಿಟ್ಟುಹೋದ ಚೂರನ್ನು ತೆಗೆಯುತ್ತದೆ. ತೂತಿನ ಬಾಯಲ್ಲಿ ಕೂದಲಿನಂಥ ಲೋಹದ ಎಳೆ ಉದುರುವುದು ಕಾಣುತ್ತದೆ. ಖಾಲಿ ಅಂತ ನಂಬಿದವನು ಅದಕ್ಕೆ ಮೊದಲೇ ಅಳತೆ ಹಿಡಿದು ಮೋಸ ಹೋಗುತ್ತಾನೆ. ‘ಮರು ಓಟ’ ಅಂದರೆ ಹೇಗೆ?

ನಿಮ್ಮ ಕಡೆ ಲೇತ್ ಮುಂದೆ ನಿಲ್ಲುವವರು ಏನನ್ನುತ್ತಾರೆ, ಕೇಳಿ ತಿಳಿಸಿ. ಮುಖ್ಯವಾಗಿ ‘ಹೆರೆ’ ಲೋಹಕ್ಕೆ ಒಪ್ಪುತ್ತದಾ, ಮರಕ್ಕಷ್ಟೇ ಸರಿಯಾ ಅನ್ನುವುದು ನನಗೆ ಬೇಕು.