ಗೂಂಬಾವನ್ನು ತುಳಿಯುವುದೋ, ಮೆಟ್ಟುವುದೋ?

ಎಲ್ಲರಿಗೂ ನಮಸ್ಕಾರ.

ಮಾರಿಯೋ ವಿಡಿಯೋ ಆಟಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೂಂಬಾ ಬಂದ ಕಡೆಯಲ್ಲೆಲ್ಲ ಒಂದು ಕ್ರಿಯಾಪದ ತೊಡಕು ಕೊಡುತ್ತಿದೆ. ನಿಮ್ಮ ಅಭಿಪ್ರಾಯ ಬೇಕು.

ಗೂಂಬಾ ಗೊತ್ತಿಲ್ಲದವರಿಗೆ ಎರಡು ಮಾತು. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟದಲ್ಲಿ ಎಲ್ಲಕ್ಕಿಂತ ಮೊದಲು ಎದುರಾಗುವ ಕಂದು ಬಣ್ಣದ ಜೀವಿ ಇದು. ದಪ್ಪ ತಲೆ, ಕೆಳಗೆ ಎರಡು ಪಾದ, ಕೈಗಳೇ ಇಲ್ಲ. ಸುಮ್ನೆ ನಡೆದುಕೊಂಡು ಬರುತ್ತದೆ. ಏನಾದರೂ ಅಡ್ಡ ಬಂದರೆ ತಿರುಗುತ್ತದೆ, ನೆಲದ ಅಂಚು ಬಂದರೆ ಬಿದ್ದೇ ಹೋಗುತ್ತದೆ. ನಾವು ಆಡಿಸುವ ನಾಯಕ ಮಾರಿಯೋ ಅದರ ತಲೆಯ ಮೇಲೆ ಹಾರಿದರೆ ಅಪ್ಪಚ್ಚಿ, ನೂರು ಅಂಕ. ಆಮೇಲೆ ಈ ಸರಣಿಯಲ್ಲಿ ಬಂದ ಬಹುಪಾಲು ಆಟಗಳಲ್ಲಿ ಇದು ಇದ್ದೇ ಇದೆ.

ಹಾಗೆ ಮೇಲೆ ಹಾರಿ ಕಾಲಿಂದ ಒತ್ತುವುದಕ್ಕೆ ಏನನ್ನೋಣ? ಆಡುವವರು 'ಜಂಪ್ ಮಾಡಿ ಸಾಯಿಸು' ಎಂದು ಮುಗಿಸುತ್ತಾರೆ. ಬರಹದಲ್ಲಿ ಅಷ್ಟು ಸಾಲದು. ಈ ಜೀವಿ ಹುಟ್ಟಿದ್ದೇ ಈ ಕ್ರಿಯೆಗಾಗಿ. ಆಟ ತಯಾರಿಸುವಾಗ ಮೊದಲು ಇದ್ದದ್ದು ಆಮೆಯಂಥ ಕೂಪಾ. ಅದನ್ನು ಒಮ್ಮೆ ತುಳಿದರೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ, ಆಮೇಲೆ ಆ ಚಿಪ್ಪನ್ನು ಒದೆಯಬೇಕು. ಹೊಸಬರಿಗೆ ಇದು ಜಾಸ್ತಿಯಾಯಿತು. ಒಂದೇ ಏಟಿಗೆ ಮುಗಿಯುವ ಎದುರಾಳಿ ಬೇಕೆಂದು ಆಟದ ವಿನ್ಯಾಸಕರಾದ ಮಿಯಾಮೊಟೊ, ತೆಝುಕಾ ಅವರ ತಂಡ ಕೊನೆಯ ಹಂತದಲ್ಲಿ ಗೂಂಬಾವನ್ನು ಸೇರಿಸಿತು. ಇಡೀ ಆಟ ಕೂರಬೇಕಿದ್ದದ್ದು 40 ಕಿಲೋಬೈಟ್‌ನಲ್ಲಿ, ಜಾಗ ಉಳಿದಿರಲಿಲ್ಲ. ಅದಕ್ಕೇ ಅದರ ನಡಿಗೆಗೆ ಒಂದೇ ಚಿತ್ರ. ಅದನ್ನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ತೋರಿಸಿ ನಡೆಸಿದರು!

ನನ್ನ ಮುಂದಿರುವುದು ಮೂರು ಪದ: ತುಳಿ, ಜಜ್ಜು, ಮೆಟ್ಟು.

'ತುಳಿ' ಎಲ್ಲರಿಗೂ ಗೊತ್ತು. ಆದರೆ ನಾವು ನೋಡದೆಯೂ ತುಳಿಯುತ್ತೇವೆ. ಮುಳ್ಳು ತುಳಿದೆ, ಕೆಸರು ತುಳಿದೆ ಎನ್ನುವಾಗ ಬೇಕೆಂದು ಮಾಡಿದ್ದಲ್ಲವಲ್ಲ. ಮಾರಿಯೋ ಗುರಿಯಿಟ್ಟೇ ಇಳಿಯುವುದು.

'ಜಜ್ಜು' ಚೆನ್ನಾಗಿಯೇ ಕೇಳಿಸುತ್ತದೆ. ಆದರೆ 1990ರ 'ಸೂಪರ್ ಮಾರಿಯೋ ವರ್ಲ್ಡ್'ನಲ್ಲಿ ಇದು ಕೈಕೊಡುತ್ತದೆ. ಅಲ್ಲಿ ಬರುವ ಗುಂಡನೆಯ ಗೂಂಬಾಗೆ ಈಗ ಗಲೂಂಬಾ ಎಂಬ ಬೇರೆ ಹೆಸರಿದೆ. ಮೇಲೆ ಹಾರಿದರೆ ಅದು ಅಪ್ಪಚ್ಚಿಯಾಗುವುದಿಲ್ಲ. ತಲೆಕೆಳಗಾಗಿ ಬೀಳುತ್ತದೆ ಅಷ್ಟೆ, ಎತ್ತಿ ಎಸೆಯಲೂಬಹುದು.

ನನ್ನ ಒಲವು 'ಮೆಟ್ಟು' ಕಡೆಗೆ. ಇದರಲ್ಲಿ ಕಾಲೂ ಇದೆ, ಗೆಲುವೂ ಇದೆ. 'ಕಷ್ಟಗಳನ್ನು ಮೆಟ್ಟಿ ನಿಂತ' ಎನ್ನುತ್ತೇವೆ, ಅಲ್ವಾ? ಇನ್ನೂ ಸೊಗಸಾದ ಸಂಗತಿ ಎಂದರೆ ಇದರ ಉಳಿದ ಅರ್ಥಗಳೂ ಗೂಂಬಾದ ಕತೆಗೆ ಕೂಡಿ ಬರುತ್ತವೆ. 'ಮೆಟ್ಟು' ಎಂದರೆ ಪಾದರಕ್ಷೆ ಕೂಡ. ಜಪಾನಿನಲ್ಲಿ 1988ರಲ್ಲಿ ಬಂದ 'ಸೂಪರ್ ಮಾರಿಯೋ ಬ್ರದರ್ಸ್ 3'ರ ಒಂದೇ ಒಂದು ಹಂತದಲ್ಲಿ, 5-3ರಲ್ಲಿ (ಐದನೆಯ ಲೋಕದ ಮೂರನೆಯ ಹಂತ), ಹಸಿರು ಬೂಟಿನೊಳಗೆ ಕೂತು ಕುಪ್ಪಳಿಸುವ ಗೂಂಬಾ ಸಿಗುತ್ತದೆ. ಆ ಬೂಟನ್ನು ಕಿತ್ತುಕೊಂಡರೆ ಮಾರಿಯೋ ಮುಳ್ಳಿನ ಜೀವಿಗಳ ಮೇಲೂ ನಿರ್ಭಯವಾಗಿ ಹಾರಬಹುದು. ಅದನ್ನು 'ಗೂಂಬಾದ ಮೆಟ್ಟು' ಎಂದರೆ ಎಷ್ಟು ಚೆಂದ!

ಮೂರನೆಯದು 'ದೆವ್ವ ಮೆಟ್ಟಿಕೊಂಡಿದೆ' ಎನ್ನುವಾಗಿನ ಅರ್ಥ. 2017ರ 'ಸೂಪರ್ ಮಾರಿಯೋ ಒಡಿಸ್ಸಿ'ಯಲ್ಲಿ ಮಾರಿಯೋ ತನ್ನ ಟೋಪಿಯನ್ನು ಗೂಂಬಾದ ತಲೆಗೆ ಎಸೆದು ಅದರ ಮೈಯನ್ನೇ ಸೇರಿಕೊಳ್ಳುತ್ತಾನೆ. ಗೂಂಬಾಗೆ ಮೀಸೆ ಬರುತ್ತದೆ. ಆಮೇಲೆ ಒಂದರ ಮೇಲೊಂದು ಗೂಂಬಾ ಏರಿಸಿ ಗೋಪುರ ಕಟ್ಟಬಹುದು. ಇಲ್ಲಿ ಮಾರಿಯೋ ಗೂಂಬಾವನ್ನು ಮೆಟ್ಟಿಕೊಂಡ ಎನ್ನಬಹುದಲ್ಲವೇ?

ಹೆಸರಿನ ಬಗ್ಗೆಯೂ ಒಂದು ಮಾತು. ಜಪಾನಿಯಲ್ಲಿ ಇದು 'ಕುರಿಬೊ', 'ಕುರಿ' ಅಂದರೆ ಅಲ್ಲಿ ಚೆಸ್ಟ್‌ನಟ್ ಕಾಯಿ. ಆದರೆ ಆಟದ ಇಂಗ್ಲಿಷ್ ಕೈಪಿಡಿ ಇದನ್ನು ತನ್ನ ರಾಜ್ಯಕ್ಕೇ ದ್ರೋಹ ಬಗೆದ ಅಣಬೆ ಎನ್ನುತ್ತದೆ. ಮಾರಿಯೋನನ್ನು ದೊಡ್ಡವನನ್ನಾಗಿಸುವುದೂ ಅಣಬೆಯೇ. ಹಾಗಾಗಿ ಒಳ್ಳೆಯದಕ್ಕೆ 'ಅಣಬೆ', ಗೂಂಬಾ ಜಾತಿಗೆ 'ನಾಯಿಕೊಡೆ' ಎಂದು ಬಳಸುತ್ತಿದ್ದೇನೆ. ಹೆಸರು ಗೂಂಬಾ ಎಂದೇ ಉಳಿಯಲಿ.

ಇನ್ನು ಇಂಥ ಸಣ್ಣ ಶತ್ರುಗಳಿಗೆಲ್ಲ ಸಲ್ಲುವ ಒಂದು ಪದ ಬೇಕು. ಮೇಲೆ ನಾನೇ 'ಎದುರಾಳಿ' ಎಂದೆ, ಆದರೆ ಎದುರಾಳಿಗೆ ನಮ್ಮ ಮೇಲೆ ಒಂದು ಕಣ್ಣಿರಬೇಕು. ಮೊದಲ ಆಟದ ಗೂಂಬಾಗೆ ಅದಿಲ್ಲ. 'ಕಾಲಾಳು' ಹೇಗೆ? ಆಟದ ಖಳನಾಯಕ ಬೌಸರ್‌ನ ಸೇನೆಯ ಕೆಳಗಿನ ದರ್ಜೆಯವರು, ಚದುರಂಗದ ಕಾಲಾಳಿನಂತೆ ಸಾಲಾಗಿ ಮುಂದೆ ಬರುವವರು. ಗೂಂಬಾಗಂತೂ ಇರುವುದೇ ಕಾಲು.

ನಿಮ್ಮ ಮನೆಮಾತಿನಲ್ಲಿ 'ಮೆಟ್ಟು' ಈಗಲೂ ಪಾದರಕ್ಷೆಯ ಅರ್ಥದಲ್ಲಿ ಇದೆಯೇ? ಆಟ ಆಡುವ ಮಕ್ಕಳಿಗೆ 'ಗೂಂಬಾವನ್ನು ಮೆಟ್ಟು' ಎಂದರೆ ಥಟ್ಟನೆ ತಿಳಿಯುತ್ತದೆಯೇ, ಇಲ್ಲ 'ತುಳಿ'ಯೇ ಇರಲಿ ಎನ್ನುತ್ತೀರಾ? ನಿಮ್ಮಲ್ಲಿ ಆಡುವ ಮಾತನ್ನು ಉದಾಹರಣೆ ಸಮೇತ ತಿಳಿಸಿ.